ಕಾಯುತ್ತಾ ಕೂರದ ರಾಜಕುಮಾರಿಯರು: ಹತ್ತು ಹನ್ನೆರಡು ವರ್ಷದವರಿಗೆ ಯಾವ ಕಾದಂಬರಿ ಕೊಡೋಣ?

ಠಾಣೆಯ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಹತ್ತು ವರ್ಷ. ಮನೆಯಲ್ಲಿ ಕನ್ನಡ, ಬಿಲ್ಡಿಂಗ್‌ನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ. ಓದುವಾಗ ಮಾತ್ರ ಇನ್ನೂ ತಡವರಿಸುತ್ತಾಳೆ. ಹಾಗಾಗಿ ದಪ್ಪ ಪುಸ್ತಕ ಅಂದರೆ ಸದ್ಯಕ್ಕೆ ಇಂಗ್ಲಿಷೇ.

ಮಾಯಾಲೋಕ, ಡ್ರ್ಯಾಗನ್, ಕೋಟೆ ಇರುವ ಕತೆ ಅಂದರೆ ಅವಳಿಗೆ ಪ್ರಾಣ. ರಾಜಕುಮಾರಿ ಇದ್ದರಂತೂ ಇನ್ನೂ ಖುಷಿ. ಆದರೆ ಹುಟ್ಟುಹಬ್ಬಕ್ಕೆ ಬರುವ ರಾಜಕುಮಾರಿ ಪುಸ್ತಕಗಳಲ್ಲಿ ಅವಳು ಚೆಂದದ ಗೌನ್ ಹಾಕಿಕೊಂಡು ಯಾರೋ ಬಂದು ಬಿಡಿಸಲಿ ಅಂತ ಕಾಯುತ್ತಿರುತ್ತಾಳೆ. ಅದು ಬೇಡ ಅಂತ ಬೇರೆ ಥರದ್ದು ತಂದರೆ, ಅದರಲ್ಲಿ ಕತ್ತಿ ಹಿಡಿದು ಎಲ್ಲರ ಮೇಲೂ ರೇಗುತ್ತಿರುತ್ತಾಳೆ. ಅದನ್ನೇ ಗಟ್ಟಿತನ ಅಂತ ಹಿಂಬದಿಯ ರಟ್ಟಿನ ಮೇಲೆ ಬರೆದಿರುತ್ತಾರೆ. ನನಗೆ ಎರಡೂ ಸರಿ ಕಾಣಲ್ಲ. ನಿಮ್ಮ ಮಕ್ಕಳು ಓದಿ ಮೆಚ್ಚಿದ್ದು ಯಾವುದಿದೆ? ನಮ್ಮ ಕಡೆಯ ಕತೆಗಳಲ್ಲಿ ಇಂಥವರು ಯಾರಿದ್ದಾರೆ? ದಯವಿಟ್ಟು ಸ್ವಲ್ಪ ವಿವರವಾಗಿ ಹೇಳಿ.

ಕೊತ್ರೂಡ್ ಓದುಗಿ

ನಾನು ಪುಣೆಯಲ್ಲಿ ನಮ್ಮ ಸೊಸೈಟಿಯ ಮಕ್ಕಳ ಜೊತೆ ವಾರಕ್ಕೊಮ್ಮೆ ಕೂತು ಪುಸ್ತಕ ಓದುತ್ತೇನೆ. ರಾಜಕುಮಾರಿಯ ಕತೆ ಕೈಗೆ ಬಂದಾಗ ನಾನು ನೋಡುವುದು ಇಷ್ಟು: ಈ ಹುಡುಗಿಗೆ ಕತೆಯಲ್ಲಿ ಏನು ಕೆಲಸ ಇದೆ? ಕತ್ತಿ ಇದೆಯಾ ಇಲ್ಲವಾ ಅನ್ನೋದು ಆಮೇಲಿನ ಮಾತು. ಕೆಲಸ ಅಂದರೆ ಕೈಯಾರೆ ಮಾಡುವಂಥದ್ದು, ಕಲಿಯಲು ಸಮಯ ಹಿಡಿಯುವಂಥದ್ದು, ಕೆಟ್ಟರೆ ಅವಳೇ ಸರಿಮಾಡಬೇಕಾದದ್ದು. ಅಂಥ ಕೆಲಸ ಇದ್ದರೆ ಪುಸ್ತಕ ಹೆಚ್ಚಾಗಿ ಒಳ್ಳೆಯದೇ ಆಗಿರುತ್ತದೆ.

ಹತ್ತು ವರ್ಷಕ್ಕೆ ಸರಿಯಾಗಿ ಹೊಂದುವುದು ಪ್ಯಾಟ್ರಿಷಿಯಾ ರೀಡಿ ಬರೆದ 'ಡೀಲಿಂಗ್ ವಿತ್ ಡ್ರ್ಯಾಗನ್ಸ್'. 1990ರದ್ದು. ಸಿಮೊರೀನ್ ಲಿಂಡರ್‌ವಾಲ್ ರಾಜನ ಕೊನೇ ಮಗಳು. ಕತ್ತಿವರಸೆ ಕಲಿಯುತ್ತಾಳೆ, ಅಪ್ಪ ನಿಲ್ಲಿಸುತ್ತಾನೆ. ಮಂತ್ರವಿದ್ಯೆ ಕಲಿಯುತ್ತಾಳೆ, ಅದನ್ನೂ ನಿಲ್ಲಿಸುತ್ತಾರೆ. ಅರಮನೆಯ ಅಡುಗೆಯವನ ಹತ್ತಿರ ಅಡುಗೆ, ಮತ್ತೊಬ್ಬರ ಹತ್ತಿರ ಲ್ಯಾಟಿನ್. ಎಲ್ಲದಕ್ಕೂ ಒಂದೇ ಉತ್ತರ, ರಾಜಕುಮಾರಿಯರು ಹೀಗೆಲ್ಲ ಮಾಡಲ್ಲ. ಕೊನೆಗೆ ಬೇಡದ ಮದುವೆ ಗೊತ್ತಾದಾಗ ಓಡಿಹೋಗಿ ಕಜೂಲ್ ಎಂಬ ಡ್ರ್ಯಾಗನ್ ಹತ್ತಿರ ತಾನೇ ಕೇಳಿಕೊಂಡು ಕೆಲಸಕ್ಕೆ ಸೇರುತ್ತಾಳೆ. ಡ್ರ್ಯಾಗನ್‌ಗೆ ಅಡುಗೆ ಮಾಡಿ ಹಾಕುತ್ತಾಳೆ, ನಿಧಿಯನ್ನು ವಿಂಗಡಿಸುತ್ತಾಳೆ, ಧೂಳು ಹಿಡಿದ ಪುಸ್ತಕಗಳನ್ನು ಜೋಡಿಸುತ್ತಾಳೆ. ಬಿಡಿಸಲು ಬಂದ ವೀರರನ್ನು ಮರ್ಯಾದೆಯಿಂದಲೇ ವಾಪಸ್ ಕಳಿಸುತ್ತಾಳೆ. ಕತೆಯ ಗಂಡಾಂತರ ಬಂದಾಗ ನೆರವಾಗುವುದು ಇವೇ, ಓದಿದ್ದು ಮತ್ತು ಕಲಿತಿದ್ದು. ನಮ್ಮ ಗುಂಪಿನ ಮಕ್ಕಳಿಗೆ ತುಂಬಾ ಹಿಡಿಸಿದ್ದು ಇದು.

ಇನ್ನು ನನಗೆ ಎಲ್ಲಕ್ಕಿಂತ ಪ್ರೀತಿಯ ಪುಸ್ತಕ ಬೇರೆ. ರಾಬಿನ್ ಮೆಕಿನ್ಲಿಯ 'ದಿ ಹೀರೋ ಅಂಡ್ ದಿ ಕ್ರೌನ್'. 1984ರಲ್ಲಿ ಬಂತು, ಮರುವರ್ಷ ಅಮೆರಿಕದ ನ್ಯೂಬೆರಿ ಪದಕ ಸಿಕ್ಕಿತು. ಏರಿನ್ ದಮಾರ್ ದೇಶದ ರಾಜನ ಒಬ್ಬಳೇ ಮಗಳು. ತಾಯಿ ಉತ್ತರದ ಕಡೆಯವಳು, ಮಾಟಗಾತಿ ಅಂತ ಊರೆಲ್ಲ ಪಿಸುಮಾತು. ರಾಜಮನೆತನದವರಿಗೆಲ್ಲ ಬರುವ ಮಾಯಾಶಕ್ತಿ ಇವಳಿಗೆ ಬಂದಿಲ್ಲ. ಹಾಗಾಗಿ ಅರಮನೆಯಲ್ಲಿ ಅವಳು ಅರ್ಧ ಪರಕೀಯಳು. ಒಂದು ಹಳೇ ಪುಸ್ತಕದಲ್ಲಿ ಬೆಂಕಿ ತಾಗದ ಮುಲಾಮಿನ ವಿಷಯ ಸಿಗುತ್ತದೆ. ಏನೇನು ಹಾಕಬೇಕು ಅಂತ ಇದೆ, ಯಾವುದು ಎಷ್ಟು ಅಂತ ಇಲ್ಲ. ಅವಳು ಒಬ್ಬಳೇ ಕೂತು ಅರೆದು, ಬೆರೆಸಿ, ಕಟ್ಟಿಗೆಗೆ ಹಚ್ಚಿ ಸುಟ್ಟು ನೋಡುತ್ತಾಳೆ. ಆಗಲ್ಲ. ಇನ್ನೊಂದು ಸಲ ನೋಡುತ್ತಾಳೆ. ಈ ಭಾಗ ಪುಸ್ತಕದಲ್ಲಿ ಪುಟಗಟ್ಟಲೆ ಇದೆ, ಒಂದು ಸಾಲೂ ಬೇಸರ ಬರಲ್ಲ. ಜೊತೆಗೆ ಅಪ್ಪನ ಹಳೇ ಯುದ್ಧದ ಕುದುರೆ ತಲಾತ್. ಕಾಲಿಗೆ ಪೆಟ್ಟಾಗಿ ಮೂಲೆ ಸೇರಿದೆ. ಅದನ್ನು ಆರೈಕೆ ಮಾಡಿ, ಮತ್ತೆ ಸವಾರಿಗೆ ತಯಾರು ಮಾಡುತ್ತಾಳೆ.

ಆ ದೇಶದಲ್ಲಿ ಸಣ್ಣ ಡ್ರ್ಯಾಗನ್‌ಗಳೆಂದರೆ ಊರಿಗೆ ಕಾಟ ಕೊಡುವ ಪ್ರಾಣಿಗಳು ಅಷ್ಟೇ. ಅವನ್ನು ಕೊಂದರೆ ಯಾರೂ ಹಾಡಿ ಹೊಗಳಲ್ಲ. ಅವಳು ಆ ಕೆಲಸದಿಂದಲೇ ಶುರು ಮಾಡುತ್ತಾಳೆ. ದೊಡ್ಡ ಕಪ್ಪು ಡ್ರ್ಯಾಗನ್ ಮೌರ್ ಬರುವುದು ಆಮೇಲೆ. ಗೆದ್ದ ಮೇಲೂ ಅವಳು ಸುಟ್ಟಗಾಯದಿಂದ ಬಹಳ ಕಾಲ ನರಳುತ್ತಾಳೆ. ಗೆಲುವಿಗೆ ಬೆಲೆ ಇದೆ ಅಂತ ಮಕ್ಕಳ ಪುಸ್ತಕ ಇಷ್ಟು ನೇರವಾಗಿ ಹೇಳಿದ್ದು ನಾನು ಜಾಸ್ತಿ ನೋಡಿಲ್ಲ. ಆದರೆ ಭಾಷೆ ಸ್ವಲ್ಪ ಗಟ್ಟಿ. ಹನ್ನೆರಡು ಆಗಲಿ, ಆಮೇಲೆ ಕೊಡಿ.

ಮುಲುಂಡ್, 11ನೇ ಕ್ಲಾಸ್

ಆಂಟಿ, ನಾನು ಇವೆರಡನ್ನೂ ಓದಿದ್ದೇನೆ. ಕೆಲಸದ ಮಾತು ನನಗೂ ಸರಿ ಅನ್ನಿಸುತ್ತದೆ. ಆದರೆ ನನ್ನ ಪಟ್ಟಿಯಲ್ಲಿ ಮೊದಲು ಬರುವುದು ಶಾನನ್ ಹೇಲ್ ಅವರ 'ದಿ ಗೂಸ್ ಗರ್ಲ್', 2003ರದ್ದು. ಗ್ರಿಮ್ ಸಹೋದರರ ಹಳೇ ಕತೆಯನ್ನೇ ಬೆಳೆಸಿ ಬರೆದದ್ದು.

ಆನಿ ಒಂದು ರಾಜ್ಯದ ದೊಡ್ಡ ಮಗಳು. ಪಕ್ಷಿಗಳ ಮಾತು ಬರುತ್ತದೆ, ಮನುಷ್ಯರ ಜೊತೆ ಮಾತಾಡಲು ಮಾತ್ರ ಹೆದರಿಕೆ. ಮದುವೆಗೆಂದು ಬಾಯರ್ನ್ ದೇಶಕ್ಕೆ ಕಳಿಸುತ್ತಾರೆ. ದಾರಿಯಲ್ಲಿ ಜೊತೆಗಿದ್ದ ಸಖಿ ಸೆಲಿಯಾ ಮೋಸ ಮಾಡಿ ತಾನೇ ರಾಜಕುಮಾರಿ ಅಂತ ಹೋಗಿಬಿಡುತ್ತಾಳೆ. ಆನಿ ಹೆಸರು ಬದಲಿಸಿಕೊಂಡು ಹೆಬ್ಬಾತು ಕಾಯುವ ಕೆಲಸಕ್ಕೆ ಸೇರುತ್ತಾಳೆ. ಸೆಲಿಯಾಗೆ ಇರುವ ಶಕ್ತಿ ಏನು ಗೊತ್ತಾ? ಮಾತಿನಿಂದ ಜನರನ್ನು ಒಲಿಸಿಕೊಳ್ಳುವುದು. ಅಂದರೆ ಇಬ್ಬರ ನಡುವೆ ಜಗಳ ಕತ್ತಿಯದ್ದಲ್ಲ, ಯಾರ ಮಾತನ್ನು ಜನ ನಂಬುತ್ತಾರೆ ಅನ್ನೋದು.

ನನಗೆ ಇದು ಇಷ್ಟು ಹತ್ತಿರ ಆಗಲು ಇನ್ನೊಂದು ಕಾರಣ ಇದೆ. ಆನಿ ಜೊತೆ ಕೆಲಸ ಮಾಡುವವರು ಕಾಡಿನ ಕಡೆಯಿಂದ ಪಟ್ಟಣಕ್ಕೆ ದುಡಿಯಲು ಬಂದವರು. ಪಟ್ಟಣದವರ ಸಮಾನ ಹಕ್ಕು ಅವರಿಗಿಲ್ಲ. ಅವಳು ಅವರ ಹಾಗೆ ಮಾತಾಡಲು ಕಲಿತು, ಅವರ ಮಧ್ಯೆ ಬದುಕಿ, ಅವರ ಕಷ್ಟ ಏನು ಅಂತ ತಿಳಿದುಕೊಳ್ಳುತ್ತಾಳೆ. ನಮ್ಮ ತಾತ ಹೋಟೆಲ್ ಕೆಲಸಕ್ಕೆ ಅಂತ ಮುಂಬಯಿಗೆ ಬಂದವರು. ಆ ಭಾಗ ಓದುವಾಗ ಅವರು ಹೇಳುತ್ತಿದ್ದ ಮಾತುಗಳೇ ಕಣ್ಣ ಮುಂದೆ ಬಂದವು. ಅರಮನೆಯಲ್ಲೇ ಇದ್ದಿದ್ದರೆ ಆನಿ ಒಳ್ಳೆಯ ರಾಣಿ ಆಗುತ್ತಿರಲಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಅದೇ ಲೇಖಕಿಯ 'ಪ್ರಿನ್ಸೆಸ್ ಅಕಾಡೆಮಿ' (2005) ಹತ್ತು ವರ್ಷದವರಿಗೂ ಆಗುತ್ತದೆ. ಹೆಸರು ನೋಡಿ ಗೌನ್ ಪುಸ್ತಕ ಅಂದುಕೊಂಡು ಬಿಟ್ಟುಬಿಡಬೇಡಿ ಆಂಟಿ. ಮೀರಿ ಕಲ್ಲುಗಣಿಯ ಬೆಟ್ಟದ ಊರಿನವಳು, ವಯಸ್ಸು 14. ಆ ಊರಿನ ಹುಡುಗಿಯರಲ್ಲೇ ಒಬ್ಬಳು ರಾಜಕುಮಾರನ ಕೈ ಹಿಡಿಯುತ್ತಾಳೆ ಅಂತ ಜೋಯಿಸರು ಹೇಳಿದ್ದಕ್ಕೆ ಎಲ್ಲರನ್ನೂ ಒಂದು ಶಾಲೆಗೆ ಹಾಕುತ್ತಾರೆ. ಅಲ್ಲಿ ವ್ಯಾಪಾರದ ಪಾಠ ಓದುವಾಗ ಮೀರಿಗೆ ಗೊತ್ತಾಗುತ್ತದೆ, ತಮ್ಮ ಊರಿನ ಕಲ್ಲಿಗೆ ಕೆಳಗಿನ ಪೇಟೆಯಲ್ಲಿ ಎಷ್ಟು ಬೆಲೆ ಇದೆ, ವ್ಯಾಪಾರಿಗಳು ತಮಗೆ ಎಷ್ಟು ಕಡಿಮೆ ಕೊಡುತ್ತಿದ್ದಾರೆ ಅಂತ. ಅದನ್ನು ಊರಿಗೆ ಬಂದು ಹೇಳುತ್ತಾಳೆ. ಊರವರು ಸರಿಯಾದ ಬೆಲೆಗೆ ಪಟ್ಟು ಹಿಡಿದು ಕೂರುತ್ತಾರೆ. ನಾನು ಕಾಮರ್ಸ್ ತೆಗೆದುಕೊಂಡವಳು. ಒಂದು ಫ್ಯಾಂಟಸಿ ಕತೆಯಲ್ಲಿ ಚೌಕಾಸಿಯ ದೃಶ್ಯ ಯುದ್ಧದ ದೃಶ್ಯಕ್ಕಿಂತ ಎದೆ ಬಡಿಸುತ್ತದೆ ಅಂದರೆ ನಂಬಿ.

ವಾಸ್ಕೊ ಕನ್ನಡಿಗ

ಒಂದು ಸಂಶಯ ಕೇಳಲೇ? ರಾಜ, ರಾಣಿ, ಸಿಂಹಾಸನ ಇವೆಲ್ಲ ಹೋಗಿ ಎಷ್ಟೋ ಕಾಲ ಆಯಿತು. ಮಕ್ಕಳಿಗೆ ಮತ್ತೆ ರಾಜಕುಮಾರಿಯನ್ನೇ ಯಾಕೆ ತೋರಿಸಬೇಕು? ಸಾಮಾನ್ಯ ಮನೆಯ ಗಟ್ಟಿ ಹುಡುಗಿಯ ಕತೆ ಸಾಲದೇ? ಹುಟ್ಟಿನಿಂದ ಬಂದ ಪದವಿಯನ್ನು ಮೆಚ್ಚುವುದನ್ನು ಮಕ್ಕಳಿಗೆ ಕಲಿಸುತ್ತಿದ್ದೇವಾ ಅಂತ ನನಗೆ ನಿಜವಾಗಿಯೂ ಕಾಡುತ್ತದೆ.

ಮುಲುಂಡ್, 11ನೇ ಕ್ಲಾಸ್

ಅಂಕಲ್, ನನಗೆ ತೋಚಿದ್ದು ಹೇಳುತ್ತೇನೆ. ಸಾಮಾನ್ಯ ಹುಡುಗಿ ಕಷ್ಟ ಬಂದರೆ ಊರು ಬಿಟ್ಟು ಹೋಗಬಹುದು. ರಾಜಕುಮಾರಿಗೆ ಹಾಗಿಲ್ಲ. ಅವಳು ತಪ್ಪು ತೀರ್ಮಾನ ಮಾಡಿದರೆ ಸಾವಿರಾರು ಜನರಿಗೆ ತೊಂದರೆ. ನಮ್ಮ ವಯಸ್ಸಿನವರಿಗೆ ಯಾವ ಕಾಲೇಜು, ಯಾವ ಬಟ್ಟೆ ಅನ್ನೋದನ್ನೂ ಮನೆಯವರೇ ಹೇಳುತ್ತಾರೆ. ನಮ್ಮ ವಯಸ್ಸಿನವಳೇ ಒಬ್ಬಳು ಎಲ್ಲರ ಪರವಾಗಿ ತೀರ್ಮಾನ ಮಾಡುವುದನ್ನು ಓದುವಾಗ ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಯೋಚನೆ ಬರುತ್ತದೆ. ಕಿರೀಟ ಅದಕ್ಕೆ ಒಂದು ನೆಪ ಅಷ್ಟೇ.

ಕ್ರಿಸ್ಟಿನ್ ಕ್ಯಾಶೋರ್ ಅವರ 'ಬಿಟರ್‌ಬ್ಲೂ' (2012) ಪೂರ್ತಿ ಇದರ ಬಗ್ಗೆಯೇ. ಬಿಟರ್‌ಬ್ಲೂಗೆ 18 ವರ್ಷ, ಆಗಲೇ ರಾಣಿ. ಅವಳ ಅಪ್ಪ ಸತ್ತುಹೋದ ರಾಜ. ತನ್ನ ಮಾತಿನಿಂದ ಜನರ ಮನಸ್ಸನ್ನೇ ತಿರುಚಿ ಕ್ರೂರವಾಗಿ ಆಳಿದವನು. ಆಗ ಏನೇನು ನಡೆಯಿತು ಅಂತ ಹೇಳಲು ಮಂತ್ರಿಗಳು ತಯಾರಿಲ್ಲ. ಅವಳು ರಾತ್ರಿ ವೇಷ ಮರೆಸಿಕೊಂಡು ಊರಲ್ಲಿ ಓಡಾಡಿ ನಿಜ ಹುಡುಕುತ್ತಾಳೆ. ಹುಟ್ಟಿನಿಂದ ಬಂದ ಪದವಿಯನ್ನು ಆ ಪುಸ್ತಕ ಒಂದು ಕಡೆಯೂ ಮೆಚ್ಚಲ್ಲ ಅಂಕಲ್.

ಕೊತ್ರೂಡ್ ಓದುಗಿ

ಪುಟ್ಟಿ, ಚೆನ್ನಾಗಿ ಹೇಳಿದೆ. ಆದರೆ ಠಾಣೆಯವರಿಗೆ ಒಂದು ಎಚ್ಚರಿಕೆ. 'ಬಿಟರ್‌ಬ್ಲೂ' ಹತ್ತು ವರ್ಷಕ್ಕೆ ಖಂಡಿತ ಬೇಡ. ಹಿಂಸೆ, ದೌರ್ಜನ್ಯದ ನೆನಪುಗಳು ತುಂಬಾ ಇವೆ. ಅದೇ ಲೇಖಕಿಯ 'ಗ್ರೇಸ್‌ಲಿಂಗ್' (2008) ಮೊದಲು ಬಂದದ್ದು, ಅದೂ ಸ್ವಲ್ಪ ದೊಡ್ಡವರಿಗೇ. ಹದಿನೈದರ ಆಸುಪಾಸಿನಲ್ಲಿ, ಅಮ್ಮನೂ ಜೊತೆಗೆ ಓದಿದರೆ ಒಳ್ಳೆಯದು.

ಬಡಗುತಿಟ್ಟು, ಘಾಟ್‌ಕೋಪರ್

ಇಷ್ಟೆಲ್ಲ ಹೊರಗಿನ ಪುಸ್ತಕ ಆಯಿತು. ನಮ್ಮ ಕಡೆ ಯಾರಿದ್ದಾರೆ ಅಂತ ಠಾಣೆಯ ಅಕ್ಕ ಕೇಳಿದ್ದಾರಲ್ಲ, ಅದಕ್ಕೆ ಉತ್ತರ ಕೊಡೋಣ. ಯಕ್ಷಗಾನಕ್ಕೆ ಕರೆದುಕೊಂಡು ಹೋಗಿ ಅಕ್ಕ.

ಮೀನಾಕ್ಷಿ ಕಲ್ಯಾಣ ಪ್ರಸಂಗದ ಮೀನಾಕ್ಷಿ ಪಾಂಡ್ಯರಾಜನ ಮಗಳು. ದಿಕ್ಕು ದಿಕ್ಕಿಗೆ ದಂಡೆತ್ತಿ ಹೋಗಿ ಗೆದ್ದು, ಕೊನೆಗೆ ಕೈಲಾಸಕ್ಕೇ ನುಗ್ಗುವವಳು. ಪ್ರಮೀಳೆಯಂತೂ ಲಕ್ಷ್ಮೀಶನ ಜೈಮಿನಿ ಭಾರತದವಳು. ಧರ್ಮರಾಯನ ಯಾಗದ ಕುದುರೆ ಹೆಂಗಸರೇ ಆಳುವ ನಾಡಿಗೆ ಕಾಲಿಟ್ಟಾಗ ಕಟ್ಟಿಹಾಕುತ್ತಾಳೆ. ಹಿಂದೆ ಬಂದ ಅರ್ಜುನನಿಗೆ ನೇರವಾಗಿ ಎದುರು ನಿಲ್ಲುತ್ತಾಳೆ. ಹೆಂಗಸರೇ ಸೈನ್ಯ, ಹೆಂಗಸರೇ ಮಂತ್ರಿಗಳು. ಇದಕ್ಕಿಂತ ದೊಡ್ಡ ಫ್ಯಾಂಟಸಿ ಬೇಕಾ? ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬರುತ್ತಾರೆ, ಒಂದಲ್ಲ ಒಂದು ಸಭಾಗೃಹದಲ್ಲಿ ಆಟ ಇದ್ದೇ ಇರುತ್ತದೆ.

ಚಂದ್ರಹಾಸನ ಕತೆಯ ವಿಷಯೆಯನ್ನೂ ಮರೆಯಬೇಡಿ. ಅವಳು ಮಂತ್ರಿಯ ಮಗಳು, ರಾಜಕುಮಾರಿ ಅಲ್ಲ. ತೋಟದಲ್ಲಿ ಮಲಗಿದ್ದವನ ಹತ್ತಿರ ಇದ್ದ ಓಲೆ ಓದಿ, ಇವನಿಗೆ ವಿಷ ಕೊಡಲು ತನ್ನ ಅಪ್ಪನೇ ಬರೆದಿದ್ದಾನೆ ಅಂತ ತಿಳಿದು, ಆ ಓಲೆಯನ್ನೇ ತಿದ್ದಿ ಒಂದು ಜೀವ ಉಳಿಸುತ್ತಾಳೆ. ಓದು ಬರಹ ಬಲ್ಲ ಹುಡುಗಿ ಕತೆಯನ್ನೇ ತಿರುಗಿಸಿಬಿಟ್ಟಳು. ಇದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ಕತೆ.

ಕೊತ್ರೂಡ್ ಓದುಗಿ

ಅಣ್ಣ, ನಿಮ್ಮ ಮಾತು ಖುಷಿ ಕೊಟ್ಟಿತು. ಒಂದು ವಿಷಯದಲ್ಲಿ ಮಾತ್ರ ನನ್ನ ತಕರಾರು ಇದೆ. ಮೀನಾಕ್ಷಿ ಎಲ್ಲರನ್ನೂ ಗೆದ್ದು ಶಿವನ ಮುಂದೆ ನಾಚಿ ನಿಲ್ಲುತ್ತಾಳೆ. ಪ್ರಮೀಳೆ ಅರ್ಜುನನನ್ನು ಮದುವೆಯಾಗುತ್ತಾಳೆ, ಅಲ್ಲಿಗೆ ಅವಳ ಕತೆ ಮುಗಿಯಿತು, ಕುದುರೆ ಮುಂದಕ್ಕೆ ಹೋಯಿತು. ಆ ನಾಡಿನ ಗತಿ ಏನು? ಅವಳು ಆಳುತ್ತಿದ್ದ ಹೆಂಗಸರ ಗತಿ ಏನು? ನಮ್ಮ ಗುಂಪಿನ ಹುಡುಗಿಯೊಬ್ಬಳು ಇದನ್ನೇ ಕೇಳಿದಳು, ನನ್ನ ಹತ್ತಿರ ಉತ್ತರ ಇರಲಿಲ್ಲ. ಮದುವೆ ಬೇಡ ಅಂತಲ್ಲ. 'ಗೂಸ್ ಗರ್ಲ್'ನಲ್ಲೂ ಮದುವೆ ಇದೆ. ಅವಳ ಕೆಲಸ ಅಲ್ಲಿಗೇ ನಿಂತುಬಿಟ್ಟರೆ ಮಾತ್ರ ನನಗೆ ಕಷ್ಟ.

ಬಡಗುತಿಟ್ಟು, ಘಾಟ್‌ಕೋಪರ್

ತಕರಾರು ಸರಿಯಾಗಿಯೇ ಇದೆ ಅಕ್ಕ. ಮೂಲದಲ್ಲಿ ಕತೆ ಅರ್ಜುನನದು, ಅವಳದಲ್ಲ. ಆದರೆ ತಾಳಮದ್ದಳೆಯಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತು ಆಗಿಂದಾಗ ಮಾತು ಕಟ್ಟುತ್ತಾರೆ. ಪದ್ಯ ಹಳೆಯದು, ಮಾತು ಪ್ರತಿ ಸಲವೂ ಹೊಸದು. ಪ್ರಮೀಳೆಯ ಅರ್ಥ ಹೇಳುವವರು ಗಟ್ಟಿಯಾಗಿದ್ದರೆ ಅರ್ಜುನನಿಗೆ ಬೆವರಿಳಿಸುತ್ತಾರೆ. ನಿನ್ನ ಅಣ್ಣನ ಯಾಗಕ್ಕೆ ನನ್ನ ನಾಡು ಯಾಕೆ ತಲೆಬಾಗಬೇಕು, ನಾನು ನಿನ್ನ ಮೇಲೆ ದಂಡೆತ್ತಿ ಬಂದೆನಾ, ಕುದುರೆ ಬಿಟ್ಟು ಬಂದವನು ನೀನಲ್ಲವಾ ಅಂತ ಒಂದೊಂದೇ ಪ್ರಶ್ನೆ ಇಟ್ಟಾಗ ಎದುರಿನವರು ಉತ್ತರಕ್ಕೆ ತಡಕಾಡಬೇಕು. ಸಭೆ ಅಲ್ಲಾಡದೆ ಕೂತು ಕೇಳುತ್ತದೆ. ಕೊನೆ ಏನೇ ಆಗಲಿ, ಆ ಹೊತ್ತು ಅವಳದು.

ಇನ್ನೊಂದು. ಈಗಿನ ಹೆಣ್ಣುಮಕ್ಕಳೇ ಅರ್ಥ ಹೇಳಲು ಕೂರುತ್ತಿದ್ದಾರೆ. ನಿಮ್ಮ ಗುಂಪಿನ ಆ ಹುಡುಗಿ ಕೇಳಿದ ಪ್ರಶ್ನೆಯನ್ನು ಪ್ರಮೀಳೆಯ ಬಾಯಲ್ಲೇ ಹೇಳಿಸಲು ಅಡ್ಡಿ ಏನೂ ಇಲ್ಲ. ಪ್ರಸಂಗದ ಚೌಕಟ್ಟು ಅದಕ್ಕೆ ಜಾಗ ಬಿಟ್ಟುಕೊಟ್ಟಿದೆ.

ಕೊತ್ರೂಡ್ ಓದುಗಿ

ಇದು ನನಗೆ ಹೊಸ ವಿಷಯ ಅಣ್ಣ. ಮಕ್ಕಳ ಹತ್ತಿರ ಇದನ್ನೇ ಮಾಡಿಸಿ ನೋಡುತ್ತೇನೆ. ಪ್ರಮೀಳೆಯ ಕಡೆ ನಾಲ್ಕು ಜನ, ಅರ್ಜುನನ ಕಡೆ ನಾಲ್ಕು ಜನ ಕೂತು ವಾದ ಮಾಡಲಿ.

ಮಡಗಾಂವ್ ಮೇಷ್ಟ್ರು

ಗೋವಾದಿಂದ ನನ್ನದೂ ಒಂದೆರಡು ಮಾತು. ಇಲ್ಲಿ ಕೂತವರಿಗೆ ಪೋರ್ಚುಗೀಸರ ವಿರುದ್ಧ ನಿಂತ ರಾಣಿಯರು ತಕ್ಷಣ ನೆನಪಿಗೆ ಬರುತ್ತಾರೆ. ಉಳ್ಳಾಲದ ಅಬ್ಬಕ್ಕ, ಗೇರುಸೊಪ್ಪೆಯ ಚೆನ್ನಭೈರಾದೇವಿ. ಕಾಳುಮೆಣಸಿನ ರಾಣಿ ಅಂತ ಪೋರ್ಚುಗೀಸರೇ ಕರೆದದ್ದು ಚೆನ್ನಭೈರಾದೇವಿಯನ್ನು. ಸೈನ್ಯಕ್ಕಿಂತ ಹೆಚ್ಚಾಗಿ ಮೆಣಸಿನ ವ್ಯಾಪಾರವೇ ಅವಳ ಬಲ. ಮುಲುಂಡ್‌ನ ಮಗು ಹೇಳಿದ ಮೀರಿಯ ಕತೆ ಓದಿದಾಗ ನನಗೆ ಇವಳೇ ನೆನಪಾದಳು. ಕೆಳದಿಯ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರುಹಾಕಿಕೊಂಡವಳು. ಮಹಾರಾಷ್ಟ್ರದಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಈ ಕತೆ ಎರಡೂ ಕಡೆಯಿಂದ ತಮ್ಮದೇ.

ಆದರೆ ನಲವತ್ತು ಮಕ್ಕಳ ಕ್ಲಾಸಿನಲ್ಲಿ ಪಾಠ ಮಾಡಿದವನಾಗಿ ಒಂದು ಹೇಳಬೇಕು. ಇತಿಹಾಸದ ರಾಣಿಯರನ್ನು ಮಾತ್ರ ಕೊಟ್ಟರೆ ಮಕ್ಕಳು ಅದನ್ನು ಪಾಠ ಅಂತಲೇ ಓದುತ್ತಾರೆ. ಇಸವಿ ಬಾಯಿಪಾಠ ಮಾಡಿ ಮುಚ್ಚಿಡುತ್ತಾರೆ. ಮಗು ತನ್ನನ್ನೇ ಅಲ್ಲಿ ಇಟ್ಟು ನೋಡಬೇಕಾದರೆ ಕಲ್ಪನೆಯ ಲೋಕ ಬೇಕು. ಅಲ್ಲಿ ಕೊನೆ ಏನಾಗುತ್ತದೆ ಅಂತ ಮೊದಲೇ ಗೊತ್ತಿರಲ್ಲ. ಅಬ್ಬಕ್ಕನ ಕಡಲತೀರ, ಮೆಣಸಿನ ಹಡಗು, ಘಟ್ಟದ ಕಾಡು, ಭೂತ, ನಾಗ ಎಲ್ಲ ಸೇರಿಸಿ ಒಂದು ದಪ್ಪ ಕನ್ನಡ ಫ್ಯಾಂಟಸಿ ಕಾದಂಬರಿ ಹನ್ನೆರಡು ವರ್ಷದವರಿಗೆ ಅಂತಲೇ ಬರಬೇಕು. ಸಾಮಗ್ರಿ ನಮ್ಮಲ್ಲಿ ರಾಶಿ ಇದೆ. ಬರೆಯುವವರು ಈ ಮಾತು ಓದುತ್ತಿದ್ದರೆ ದಯವಿಟ್ಟು ಯೋಚಿಸಿ.

ಬಂಗಾಳಿಯವರು ಇದನ್ನು ಹೇಗೆ ಮಾಡಿದ್ದಾರೆ ನೋಡಿ. ದಕ್ಷಿಣಾರಂಜನ್ ಮಿತ್ರ ಮಜುಂದಾರ್ 1907ರಲ್ಲಿ ಅಜ್ಜಿಕತೆಗಳ 'ಠಾಕುರ್‌ಮಾರ್ ಝುಲಿ' ತಂದರು. ಅದರಲ್ಲಿ ಕಿರಣ್‌ಮಾಲಾ ಅಂತ ಒಬ್ಬಳು ಇದ್ದಾಳೆ. ಮಾಯಾಬೆಟ್ಟಕ್ಕೆ ಹೋದ ಅಣ್ಣಂದಿರಿಬ್ಬರೂ ಹಿಂತಿರುಗಿ ನೋಡಿ ಕಲ್ಲಾಗುತ್ತಾರೆ. ತಂಗಿ ಗಂಡುಡುಗೆ ತೊಟ್ಟು ಹೋಗುತ್ತಾಳೆ. ಎಷ್ಟು ಕೂಗಿದರೂ ತಿರುಗಿ ನೋಡಲ್ಲ. ಅಣ್ಣಂದಿರನ್ನು ಬದುಕಿಸಿಕೊಂಡು ಬರುತ್ತಾಳೆ. ಅದೇ ಹೆಸರನ್ನು ಇಟ್ಟುಕೊಂಡು ಸಾಯಂತನಿ ದಾಸ್‌ಗುಪ್ತ 2018ರಲ್ಲಿ 'ದಿ ಸರ್ಪೆಂಟ್ಸ್ ಸೀಕ್ರೆಟ್' ಬರೆದರು. ಇವಳು ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಳೆದ ಹುಡುಗಿ. ಹನ್ನೆರಡನೇ ಹುಟ್ಟುಹಬ್ಬದ ದಿನ ಅಪ್ಪ ಅಮ್ಮ ಕಾಣೆ, ಅಡುಗೆಮನೆಗೆ ರಾಕ್ಷಸ ನುಗ್ಗುತ್ತಾನೆ. ನೀನು ರಾಜಕುಮಾರಿ ಅಂತ ಅಪ್ಪ ಅಮ್ಮ ಹೇಳುತ್ತಿದ್ದದ್ದು ಸುಮ್ನೆ ಮುದ್ದಿಗಲ್ಲ, ನಿಜ ಅಂತ ಆಮೇಲೆ ತಿಳಿಯುತ್ತದೆ. ಹತ್ತು ವರ್ಷದವರಿಗೆ ಆರಾಮಾಗಿ ಓದಿಸಿಕೊಂಡು ಹೋಗುತ್ತದೆ. ನೂರು ವರ್ಷದ ಹಿಂದಿನ ಅಜ್ಜಿಕತೆ ಹೀಗೆ ಮತ್ತೆ ಎದ್ದು ಬಂದಿದೆ. ನಮ್ಮ ಪ್ರಮೀಳೆಗೂ ಇಂಥ ಒಬ್ಬ ಬರಹಗಾರ್ತಿ ಸಿಗಬೇಕು.

ವಾಸ್ಕೊ ಕನ್ನಡಿಗ

ಮೇಷ್ಟ್ರೇ, ಅಬ್ಬಕ್ಕನ ಫ್ಯಾಂಟಸಿ ಬಂದರೆ ನಾನೇ ಮೊದಲು ಕೊಳ್ಳುತ್ತೇನೆ. ಮುಲುಂಡ್‌ನ ಮಗುವಿನ ಉತ್ತರ ನನಗೆ ಒಪ್ಪಿಗೆಯಾಯಿತು. ತೀರ್ಮಾನದ ಹೊರೆ ಅನ್ನೋ ಕಡೆಯಿಂದ ನಾನು ಯೋಚಿಸಿರಲಿಲ್ಲ.

ಡೊಂಬಿವಲಿ ಅಪ್ಪ

ಯಾರೂ ಎತ್ತದ ಒಂದು ವಿಷಯ. ನನಗಿರುವುದು ಮಗ, ಒಂಬತ್ತು ವರ್ಷ. ಇಂಥ ಪುಸ್ತಕ ಹುಡುಗರಿಗೂ ಬೇಕು. ಸಂಬಂಧಿಕರೊಬ್ಬರು ಅವನ ಕೈಯಲ್ಲಿ ರಾಜಕುಮಾರಿಯ ಪುಸ್ತಕ ನೋಡಿ ಇದು ಹುಡುಗಿಯರದ್ದಲ್ವಾ ಅಂದರು. ಅವನು ಆಮೇಲೆ ಅದನ್ನು ಬ್ಯಾಗಿನೊಳಗೆ ಅಡಗಿಸಿಟ್ಟುಕೊಂಡ. ನನಗೆ ಬಹಳ ನೋವಾಯಿತು. ಅಂದಿನಿಂದ ರಾತ್ರಿ ನಾನೇ ಅವನಿಗೆ ಜೋರಾಗಿ ಓದಿ ಹೇಳುತ್ತೇನೆ. ಅಪ್ಪನೇ ಓದಿದರೆ ಅಡಗಿಸುವ ಮಾತೇ ಬರಲ್ಲ.

ಈ ವಯಸ್ಸಿಗೆ ಎಂ. ಎಂ. ಕೇ ಅವರ 'ದಿ ಆರ್ಡಿನರಿ ಪ್ರಿನ್ಸೆಸ್' ಹೇಳಿ ಮಾಡಿಸಿದಂತಿದೆ. ಲೇಖಕಿ ಹುಟ್ಟಿದ್ದು ನಮ್ಮ ಶಿಮ್ಲಾದಲ್ಲಿ, 1908ರಲ್ಲಿ. ಪುಸ್ತಕ 1980ರದ್ದು, ಚಿತ್ರಗಳೂ ಅವರವೇ. ಏಳನೇ ರಾಜಕುಮಾರಿಯ ನಾಮಕರಣಕ್ಕೆ ಬಂದ ಯಕ್ಷಿಣಿಯರೆಲ್ಲ ಅಂದ, ಬುದ್ಧಿ ಅಂತ ವರ ಕೊಡುತ್ತಾರೆ. ಒಬ್ಬಳು ಮಾತ್ರ ನೀನು ಸಾಧಾರಣಳಾಗು ಅಂತ ಹರಸುತ್ತಾಳೆ. ಹಾಗೇ ಆಗುತ್ತದೆ. ಮಂಕು ಬಣ್ಣದ ಕೂದಲು, ಮುಖದ ತುಂಬ ಚುಕ್ಕೆ. ಯಾವ ರಾಜಕುಮಾರನೂ ಒಪ್ಪಲ್ಲ. ಒಂದು ಡ್ರ್ಯಾಗನ್ ಬಾಡಿಗೆಗೆ ತರಿಸಿ, ಅದರಿಂದ ಬಿಡಿಸಿದವನಿಗೆ ಮದುವೆ ಮಾಡಿಕೊಡೋಣ ಅಂತ ದೊಡ್ಡವರು ಮಾತಾಡಿಕೊಳ್ಳುವುದು ಕಿವಿಗೆ ಬಿದ್ದಾಗ ಏಮಿ ಕಿಟಕಿಯಿಂದ ಇಳಿದು ಕಾಡಿಗೆ ಹೋಗುತ್ತಾಳೆ. ಬಟ್ಟೆ ಹರಿದುಹೋಗುತ್ತದೆ. ಹೊಸದು ಕೊಳ್ಳಲು ದುಡ್ಡು ಬೇಕಲ್ಲ, ಪಕ್ಕದ ರಾಜ್ಯದ ಅರಮನೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ದುಡಿದು ತಿನ್ನುವುದರಲ್ಲಿ ಅವಳಿಗೆ ಎಷ್ಟು ಸಂತೋಷ ಅಂತ ಓದಿಯೇ ನೋಡಬೇಕು. ಚಿಕ್ಕ ಪುಸ್ತಕ, ಬೇಗ ಮುಗಿಯುತ್ತದೆ.

ಇನ್ನೂ ಚಿಕ್ಕ ಮಕ್ಕಳಿದ್ದರೆ ರಾಬರ್ಟ್ ಮನ್ಷ್ ಅವರ 'ದಿ ಪೇಪರ್ ಬ್ಯಾಗ್ ಪ್ರಿನ್ಸೆಸ್'. ಅದೂ 1980ರದ್ದೇ. ಬಟ್ಟೆಯೆಲ್ಲ ಸುಟ್ಟುಹೋದ ಎಲಿಜಬೆತ್ ಕಾಗದದ ಚೀಲ ತೊಟ್ಟು ಹೋಗಿ ಡ್ರ್ಯಾಗನ್‌ನನ್ನು ಹೊಗಳಿ ಹೊಗಳಿ ಸುಸ್ತು ಮಾಡಿಸುತ್ತಾಳೆ.

ಠಾಣೆಯ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಡೊಂಬಿವಲಿಯವರೇ, ನೀವು ಇಂಗ್ಲಿಷಿನಲ್ಲೇ ಓದುತ್ತೀರಾ, ಇಲ್ಲ ಕನ್ನಡದಲ್ಲಿ ಹೇಳುತ್ತೀರಾ? ನನ್ನ ಮಗಳ 'ಕನಸಿನ ಲೋಕ' ಪೂರ್ತಿ ಇಂಗ್ಲಿಷ್ ಆಗಿಬಿಡುತ್ತದೆ ಅನ್ನೋ ಚಿಂತೆ ನನಗಿದೆ. ಮತ್ತೆ ಈ ಪುಸ್ತಕಗಳು ಎಲ್ಲಿ ಸಿಗುತ್ತವೆ?

ಡೊಂಬಿವಲಿ ಅಪ್ಪ

ಕನ್ನಡದಲ್ಲೇ ಹೇಳುತ್ತೇನೆ ಅಕ್ಕ. ಒಂದು ಪುಟ ಕಣ್ಣಲ್ಲಿ ಓದಿಕೊಂಡು, ಪುಸ್ತಕ ಮಡಿಲಲ್ಲಿ ಇಟ್ಟು ಕತೆ ಹೇಳುವುದು. ಮೊದಮೊದಲು ನಿಧಾನ ಆಗುತ್ತದೆ, ಆಮೇಲೆ ನಾಲಿಗೆಗೆ ಬರುತ್ತದೆ. ಕಜೂಲ್ ನಮ್ಮ ಮನೆಯಲ್ಲಿ ಖಡಕ್ ಹುಬ್ಬಳ್ಳಿ ಅಜ್ಜಿಯ ಹಾಗೆ ಮಾತಾಡುತ್ತಾಳೆ. ಸಿಮೊರೀನ್ ಅವಳಿಗೆ 'ಅಜ್ಜಿ, ರೀ' ಅಂತ ಮರ್ಯಾದೆ ಕೊಟ್ಟೇ ಮಾತಾಡುವುದು. ಅಡುಗೆಯ ಭಾಗ ಬಂದಾಗ ಮಗ ಮಧ್ಯೆ ಬಾಯಿ ಹಾಕಿ ಹೋಳಿಗೆ ಮಾಡಲಿ ಅನ್ನುತ್ತಾನೆ, ಮಾಡಿಸುತ್ತೇನೆ.

ಕೊತ್ರೂಡ್ ಓದುಗಿ

ಇದು ಬಹಳ ಒಳ್ಳೆಯ ದಾರಿ. ನಮ್ಮ ಗುಂಪಿನಲ್ಲಿ ಇನ್ನೊಂದು ಮಾಡುತ್ತೇವೆ. ಕತೆ ಮುಗಿದ ಮೇಲೆ ಮಕ್ಕಳೇ ಕನ್ನಡದಲ್ಲಿ ಒಂದು ಪತ್ರ ಬರೆಯಬೇಕು, ಏರಿನ್‌ಗೋ, ಆನಿಗೋ. ಕಾಗುಣಿತ ತಪ್ಪಿದರೆ ಆ ಹೊತ್ತಿಗೆ ತಿದ್ದಲ್ಲ. ಓದು ಅಭ್ಯಾಸಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. 2015ರಲ್ಲಿ ಶುರುವಾದದ್ದು, ಕನ್ನಡ ಚಿತ್ರಪುಸ್ತಕಗಳು ದುಡ್ಡಿಲ್ಲದೆ ಸಿಗುತ್ತವೆ. ಸುಲಭದಿಂದ ಕಷ್ಟಕ್ಕೆ ಹಂತ ಹಂತವಾಗಿ ಜೋಡಿಸಿದ್ದಾರೆ. ತಡವರಿಸುವ ಮಗುವಿಗೆ ಒಂದು ಪುಟಕ್ಕೆ ಎರಡು ಸಾಲು ಇದ್ದರೆ ಧೈರ್ಯ ಬರುತ್ತದೆ.

ಪುಸ್ತಕಕ್ಕೆ ಪುಣೆಯಲ್ಲಾದರೆ ಅಪ್ಪಾ ಬಳವಂತ ಚೌಕ. ಪಠ್ಯಪುಸ್ತಕವೇ ಜಾಸ್ತಿ, ಆದರೂ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೈಯಾಡಿಸಿ.

ಮುಲುಂಡ್, 11ನೇ ಕ್ಲಾಸ್

ಮುಂಬಯಿಯಲ್ಲಿ ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತ್ ನೋಡಿ ಆಂಟಿ. ಹಳೇ ಪುಸ್ತಕದವರು ಸಾಲಾಗಿ ಕೂರುತ್ತಾರೆ, ನನ್ನ 'ಗೂಸ್ ಗರ್ಲ್' ಅಲ್ಲೇ ಸಿಕ್ಕಿದ್ದು. ಮೈಸೂರು ಅಸೋಸಿಯೇಷನ್‌ಗೆ ಕಾರ್ಯಕ್ರಮಕ್ಕೆ ಬಂದಾಗ ಹಾಗೇ ನಡೆದುಕೊಂಡು ಹೋಗಬಹುದು. ಫ್ಲೋರಾ ಫೌಂಟನ್ ಹತ್ತಿರದ ಕಿತಾಬ್ ಖಾನಾದಲ್ಲಿ ಮಕ್ಕಳ ವಿಭಾಗ ಚೆನ್ನಾಗಿದೆ, ಕೂತು ನೋಡಬಹುದು. ಹೊಸದಕ್ಕೆ ಬೆಲೆ ಜಾಸ್ತಿ. ನನ್ನ 'ಪ್ರಿನ್ಸೆಸ್ ಅಕಾಡೆಮಿ' ಬೇಕಾದರೆ ಕೊಡುತ್ತೇನೆ, ಓದಿ ವಾಪಸ್ ಕೊಟ್ಟರೆ ಸಾಕು.

ಮಡಗಾಂವ್ ಮೇಷ್ಟ್ರು

ಗೋವಾದವರಿಗೆ: ಪಣಜಿಯ ಪಾಟ್ಟೊದಲ್ಲಿ ಕೃಷ್ಣದಾಸ ಶಾಮಾ ಕೇಂದ್ರ ಗ್ರಂಥಾಲಯ ಇದೆ. ಬೇರು 1832ರದ್ದು, ಕಟ್ಟಡ ಹೊಸದು. ಮಕ್ಕಳ ವಿಭಾಗವೇ ಬೇರೆ ಇದೆ. ರಜೆಯಲ್ಲಿ ಮಕ್ಕಳನ್ನು ಒಂದು ಪೂರ್ತಿ ದಿನ ಅಲ್ಲಿ ಬಿಡಿ.

ಠಾಣೆಯ ಅಮ್ಮ

ಮುಲುಂಡ್‌ನ ಪುಟ್ಟಿ, ನಿನ್ನ ಪುಸ್ತಕ ಜೋಪಾನವಾಗಿ ವಾಪಸ್ ಕೊಡಿಸುತ್ತೇನೆ. 'ಡೀಲಿಂಗ್ ವಿತ್ ಡ್ರ್ಯಾಗನ್ಸ್' ಇವತ್ತೇ ತರಿಸಲು ಹೇಳಿದೆ. ರಾತ್ರಿ ಕನ್ನಡದಲ್ಲಿ ಹೇಳುತ್ತೇನೆ, ಹಗಲು ಅವಳೇ ಇಂಗ್ಲಿಷಿನಲ್ಲಿ ಓದಿಕೊಳ್ಳಲಿ. ಮಳೆಗಾಲದ ಆಟಕ್ಕೂ ಬರುತ್ತೇವೆ ಘಾಟ್‌ಕೋಪರ್‌ನವರೇ, ಪ್ರಮೀಳೆಯ ಪ್ರಸಂಗ ಇದ್ದರೆ ಇಲ್ಲಿ ತಿಳಿಸಿ. ಆ ಡ್ರ್ಯಾಗನ್ ಪುಸ್ತಕದ ಮುಂದಿನ ಭಾಗಗಳೂ ಇವೆಯಂತೆ. ಯಾವ ಕ್ರಮದಲ್ಲಿ ಓದಬೇಕು?

ಕೊತ್ರೂಡ್ ಓದುಗಿ

ಒಟ್ಟು ನಾಲ್ಕು. 'ಡೀಲಿಂಗ್', 'ಸರ್ಚಿಂಗ್', 'ಕಾಲಿಂಗ್', ಕೊನೆಗೆ 'ಟಾಕಿಂಗ್ ಟು ಡ್ರ್ಯಾಗನ್ಸ್'. ಕೊನೆಯದು ಮೊದಲು ಬರೆದದ್ದು, 1985ರಲ್ಲೇ ಬಂದಿತ್ತು. ಹಾಗಾಗಿ ಕೆಲವರು ಅದರಿಂದ ಶುರುಮಾಡಿ ಅನ್ನುತ್ತಾರೆ. ಬೇಡ. ಅದನ್ನು ಮೊದಲು ಓದಿದರೆ ಹಿಂದಿನ ಮೂರರ ಗುಟ್ಟೆಲ್ಲ ಒಡೆದುಹೋಗುತ್ತದೆ. ಮೂರನೆಯದು ಅರ್ಧದಲ್ಲಿ ನಿಂತ ಹಾಗೆ ಮುಗಿಯುತ್ತದೆ, ಆದ್ದರಿಂದ ಮೂರು ನಾಲ್ಕು ಎರಡನ್ನೂ ಒಟ್ಟಿಗೆ ತರಿಸಿಡಿ.